ಬಸಳೆ ಚಪ್ಪರಕ್ಕೊಂದು ಬಾಗಿಲು

ಏಪ್ರಿಲ್ ಬಂತೆಂದರೆ ಉಡುಪಿ ಹತ್ತಿರದ ಹಿರಿಯಡ್ಕದ ನಮ್ಮ ಮನೆ ಮಕ್ಕಳ ವಶ. ನಮ್ಮವು ಎರಡು: ಕಳೆದ ವರ್ಷ ಮಗಳು ಆರನೇ ಕ್ಲಾಸು, ಮಗ ಎರಡನೇ ಕ್ಲಾಸು. ಮಂಗಳೂರು ಕದ್ರಿಯ ಫ್ಲ್ಯಾಟಿನಿಂದ ತಮ್ಮನ ಮಕ್ಕಳಿಬ್ಬರು ಬಂದು ಸೇರುತ್ತಾರೆ. ಪಕ್ಕದ ಮನೆಯ ಹುಡುಗ ಊಟಕ್ಕೆ ಮಾತ್ರ ಅವನ ಮನೆಗೆ ಹೋಗುತ್ತಾನೆ. ನಮ್ಮಲ್ಲಿ ಬಂಗುಡೆ ಇದ್ದ ದಿನ ಅದೂ ಇಲ್ಲ. ಕಳೆದ ವರ್ಷದ ರಜೆಯಲ್ಲಿ ಈ ಐವರೂ ಸೇರಿ ಒಂದು ವೀಡಿಯೋ ತೋರಿಸಿದರು. ಇಂಗ್ಲೆಂಡಿನ ಯಾವುದೋ ಹಿತ್ತಿಲು. ವಿಲ್ಲೋ ಎಂಬ ಮರದ ಹಸಿ ಕೋಲುಗಳನ್ನು ಸುತ್ತಲೂ ನೆಲಕ್ಕೆ ಚುಚ್ಚಿ, ತುದಿಗಳನ್ನು ಬಗ್ಗಿಸಿ ಕಟ್ಟುತ್ತಾರೆ. ಚಳಿಗಾಲದಲ್ಲಿ ಎಲೆ ಉದುರಿದಾಗ ನೆಟ್ಟ ಕೋಲು ಆಮೇಲೆ ಬೇರು ಬಿಟ್ಟು ಚಿಗುರುತ್ತದೆ. ಗೋಡೆಯೇ ಗಿಡ. ಒಳಗೆ ಮಕ್ಕಳು ಕೂತಿದ್ದಾರೆ.

"ನಮಗೂ ಇಂಥದ್ದು ಬೇಕು."

ಅಮ್ಮ ಕನ್ನಡಕ ಹಾಕಿಕೊಂಡು ವೀಡಿಯೋ ಪೂರ್ತಿ ನೋಡಿದರು. "ಇದಕ್ಕೆ ಅಷ್ಟು ದೂರ ಯಾಕೆ? ಬಸಳೆ ಚಪ್ಪರ ಸ್ವಲ್ಪ ತಗ್ಗಿಸಿ ಒಂದು ಬಾಗಿಲು ಇಟ್ಟರಾಯ್ತಲ್ಲ" ಅಂದರು.

ಮಾತು ಸರಿಯೇ. ಈ ಕಡೆಯ ಹಳೆ ಮನೆಗಳ ಬಾವಿ ಹತ್ತಿರ ಒಂದು ಚಪ್ಪರ ಇದ್ದೇ ಇರುತ್ತದೆ, ಬಸಳೆಯದ್ದೋ ತೊಂಡೆಯದ್ದೋ. ಅದರಡಿ ನಾವೆಲ್ಲ ಆಡಿದವರೇ. ಆದರೆ ಅದು ದೊಡ್ಡವರ ಎತ್ತರದ್ದು, ದೊಡ್ಡವರ ಅಡುಗೆಗೆ ಇರುವಂಥದ್ದು. ಎಲೆ ಕಿತ್ತರೆ ಬೈಗುಳ, ಬಳ್ಳಿ ಎಳೆದರೆ ಪೆಟ್ಟು. ಅದನ್ನೇ ಮಕ್ಕಳ ಎತ್ತರಕ್ಕೆ ಇಳಿಸಿ, ಯಜಮಾನಿಕೆಯನ್ನೂ ಅವರಿಗೇ ಕೊಟ್ಟರೆ ಹೇಗೆ ಅಂತ ಯೋಚಿಸಿದೆವು. ಇಳಿಸುವುದು ಸುಲಭ. ಯಜಮಾನಿಕೆ ಬಿಟ್ಟುಕೊಡುವುದೇ ಕಷ್ಟ. ಅದು ಆಮೇಲೆ ಗೊತ್ತಾಯಿತು.

ಮೊದಲು ಜಾಗ. ನಮ್ಮದು ಅರ್ಧ ಎಕರೆಗೆ ಸ್ವಲ್ಪ ಕಡಿಮೆ. ಇಷ್ಟು ಜಾಗದಲ್ಲಿ ಒಂದು ಗೂಡು ಕಟ್ಟಲು ಆಗುವುದಿಲ್ಲವೇ ಅನ್ನಿಸುತ್ತದೆ, ಅಲ್ವಾ? ಹುಡುಕಿ ನೋಡಿ. ತೆಂಗಿನ ಮರದ ಕೆಳಗೆ ಆಗದು. ಕಾಯಿ ಬೀಳದಿದ್ದರೂ ಒಣ ಮಡಲು ಬೀಳುತ್ತದೆ, ಅದರ ಬುಡವೇ ಸಾಕು ತಲೆ ಒಡೆಯಲು. ಹಲಸಿನ ಮರದ ಕೆಳಗಂತೂ ಕೇಳುವುದೇ ಬೇಡ. ಕಟ್ಟೆ ಇದ್ದರೂ ಬಾವಿಯಿಂದ ದೂರ ಇರಬೇಕು. ಕಟ್ಟಿಗೆ ರಾಶಿ, ಕಲ್ಲಿನ ರಾಶಿ ಹತ್ತಿರ ಬೇಡ, ಅಲ್ಲಿ ಹಾವು ಇರುತ್ತದೆ. ಇಷ್ಟೆಲ್ಲ ಬಿಟ್ಟ ಮೇಲೆ ಬಿಸಿಲು ಬೇಕು. ಮಳೆಗಾಲದಲ್ಲಿ ಸೂರ್ಯ ಮುಖ ತೋರಿಸುವುದೇ ಅಪರೂಪ. ಇದ್ದಷ್ಟು ಬೆಳಕೂ ಮರದ ಎಲೆಗೆ ಹೋದರೆ ಬಳ್ಳಿ ಸುಮ್ನೆ ಉದ್ದ ಹೋಗುತ್ತದೆ, ಹೂ ಬಿಡುವುದಿಲ್ಲ. ಕೊನೆಗೆ ಉಳಿದದ್ದು ಅಡುಗೆಮನೆಯ ಕಿಟಕಿಯ ಎದುರು, ಬಟ್ಟೆ ಒಣಗಿಸುವ ಜಾಗ. ಬಟ್ಟೆಯ ಹಗ್ಗ ಬೇರೆ ಕಡೆ ಹೋಯಿತು. ಕಿಟಕಿಯಿಂದ ಒಂದು ಕಣ್ಣು ಇಡಲು ನಮಗೂ ಅನುಕೂಲ. ಬಾಗಿಲು ಮೂಡಣಕ್ಕೆ ಇರಬೇಕು ಎಂದು ಅಮ್ಮ ಹೇಳಿದರು. ವಾಸ್ತು ಅಂತ ಅಲ್ಲ, ಮಳೆಗಾಲದ ಗಾಳಿ ಪಡುವಣದಿಂದ ಬರುವುದಲ್ವಾ, ಅದಕ್ಕೆ.

ವೃತ್ತ ಎಳೆದದ್ದು ಮಕ್ಕಳೇ. ನಡುವೆ ಒಂದು ಗೂಟ, ಅದಕ್ಕೆ ಮೂರು ಅಡಿಯ ಹಗ್ಗ, ಹಗ್ಗದ ತುದಿಗೆ ಒಂದು ಮೊಳೆ. ಸುತ್ತು ಬಂದರೆ ಆರಡಿ ಅಗಲದ ವೃತ್ತ. ಎಂಟು ಕೋಲು ಎಷ್ಟೆಷ್ಟು ದೂರಕ್ಕೆ ಬರುತ್ತದೆ ಅನ್ನುವ ಲೆಕ್ಕ ಬಂದಾಗ ಮಗಳು ಆರಡಿಯ ಹಗ್ಗ ತೆಗೆದುಕೊಂಡು ಗೆರೆಯ ಮೇಲೆ ಇಡುತ್ತಾ ಹೋದಳು. ಮೂರು ಸಲ ಪೂರ್ತಿ ಹೋಗಿ ಇನ್ನೂ ಸ್ವಲ್ಪ ಉಳಿಯಿತು. ವೃತ್ತ ಚಿಕ್ಕದು ಮಾಡಿ ಹಾಗೇ ಅಳೆದಳು. ಅದೇ ಮೂರು, ಅದೇ ಸ್ವಲ್ಪ. ಕದ್ರಿಯಿಂದ ಬಂದ ದೊಡ್ಡವನಿಗೆ ಇದರ ಹೆಸರು ಪೈ ಎಂದು ಗೊತ್ತಿತ್ತು, ಆದರೆ ಹೆಸರು ಗೊತ್ತಿದ್ದವನು ಹಗ್ಗ ಹಿಡಿದು ನೋಡಿದ್ದು ಅವತ್ತೇ. ಹತ್ತೊಂಬತ್ತು ಅಡಿ ಸುತ್ತಳತೆ, ಕೋಲಿನಿಂದ ಕೋಲಿಗೆ ಎರಡೂವರೆ ಅಡಿಗೆ ಸ್ವಲ್ಪ ಕಡಿಮೆ. ಎರಡು ಕೋಲುಗಳ ನಡುವಿನ ಜಾಗವೇ ಬಾಗಿಲು. ಅದಕ್ಕೆ ಬೇರೆ ಏನೂ ಮಾಡಬೇಕಾಗಿಲ್ಲ, ಆ ಒಂದು ಕಡೆ ಮೂರಡಿಯ ಕೆಳಗೆ ಹಗ್ಗ ಕಟ್ಟದಿದ್ದರೆ ಆಯಿತು.

ಕೋಲು ಬಿದಿರಿನದ್ದು, ಎಂಟಡಿ ಉದ್ದ. ಬಿದಿರಿನ ಬಗ್ಗೆ ಎರಡು ಮಾತು ಹೇಳಬೇಕು. ಮಣ್ಣಿನ ಒಳಗೆ ಹೋಗುವ ಒಂದೂವರೆ ಅಡಿಯನ್ನು ಬೆಂಕಿಯಲ್ಲಿ ಹೊರಳಿಸಿ ಕಪ್ಪಾಗುವ ತನಕ ಸುಟ್ಟೆವು. ಗೆದ್ದಲು ಸ್ವಲ್ಪ ನಿಧಾನ ಆಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ನಮ್ಮ ಮಳೆಗೆ ನೆಲದೊಳಗಿನ ಬಿದಿರು ಎರಡು ವರ್ಷ ಬಂದರೆ ದೊಡ್ಡದು. ಇನ್ನೊಂದು, ಇದಕ್ಕಿಂತ ಮುಖ್ಯ. ಬಿದಿರನ್ನು ಗಂಟಿನ ಮೇಲೆ ದೂರದಲ್ಲಿ ಕತ್ತರಿಸಿದರೆ ತುದಿ ಲೋಟದ ಆಕಾರದಲ್ಲಿ ಉಳಿಯುತ್ತದೆ. ಮಳೆ ನೀರು ಅಲ್ಲಿ ನಿಲ್ಲುತ್ತದೆ. ಡೆಂಗಿ ಹರಡುವ ಸೊಳ್ಳೆಗೆ ಮೊಟ್ಟೆ ಇಡಲು ಅಷ್ಟು ನೀರು ಧಾರಾಳ ಸಾಕು. ಅದು ಹಗಲು ಕಚ್ಚುವ ಸೊಳ್ಳೆ, ನೆರಳು ಇಷ್ಟ. ಮಕ್ಕಳು ಕೂರುವ ಗುಡಿಸಲಿನ ತಲೆ ಮೇಲೆಯೇ ಅದಕ್ಕೆ ತೊಟ್ಟಿಲು ಕಟ್ಟಿಕೊಡುವುದು ಬೇಡ. ಆದ್ದರಿಂದ ಗಂಟಿನ ಹತ್ತಿರವೇ ಕತ್ತರಿಸಿ, ಉಳಿದ ತೂತಿಗೆ ಜೇಡಿಮಣ್ಣು ಮೆತ್ತಿದೆವು. ಮಣ್ಣು ಮೆತ್ತುವ ಕೆಲಸಕ್ಕೆ ಎರಡನೇ ಕ್ಲಾಸಿನವನನ್ನು ಮೇಸ್ತ್ರಿ ಮಾಡಿದ್ದೆವು. ಮೈಗೆಲ್ಲ ಮೆತ್ತಿಕೊಂಡ.

ನೆಲ ಅಗೆಯುವುದು ಮಾತ್ರ ಮಕ್ಕಳ ಕೆಲಸ ಅಲ್ಲ. ಅರ್ಧ ಅಡಿ ಕೆಳಗೆ ಹೋದರೆ ಮುರಕಲ್ಲು. ಹಾರೆ ಹಾಕಿದರೆ ಟಣ್ ಅನ್ನುತ್ತದೆ. ಎಂಟು ಗುಂಡಿಗೆ ನನಗೂ ತಮ್ಮನಿಗೂ ಅಂಗೈ ಬೊಬ್ಬೆ ಎದ್ದಿತು. ಎಂಟು ಕೋಲು ನಿಲ್ಲಿಸಿ, ತುದಿಗಳನ್ನು ಒಟ್ಟು ಸೇರಿಸಿ ತೆಂಗಿನ ನಾರಿನ ಹಗ್ಗದಲ್ಲಿ ಬಿಗಿದೆವು. ನಡುವೆ ಎತ್ತರ ಐದಡಿಗಿಂತ ಸ್ವಲ್ಪ ಜಾಸ್ತಿ. ಮಕ್ಕಳು ನಿಂತುಕೊಳ್ಳಬಹುದು, ನಾನು ಬಗ್ಗಬೇಕು. ಹೀಗೇ ಇರಲಿ ಎಂದು ಅವರೇ ಹೇಳಿದ್ದು. ಆಮೇಲೆ ನೆಲದಿಂದ ಮೇಲಕ್ಕೆ ಒಂದೊಂದು ಅಡಿಗೆ ಒಂದು ಸುತ್ತು ಹಗ್ಗ.

ಹಗ್ಗದ ಬದಲು ಬಲೆ ಹಾಕಿದರೆ ಸುಲಭ ಎಂದು ಹಲವರು ಹೇಳಿದರು. ಮಲ್ಪೆ ಹತ್ತಿರ ಇರುವಾಗ ಹಳೆಯ ಮೀನಿನ ಬಲೆಗೆ ಉಡುಪಿಯಲ್ಲಿ ಬರಗಾಲವಿಲ್ಲ. ತರಕಾರಿ ಬೇಲಿಗೆ, ಕೋಳಿಗೂಡಿಗೆ, ಎಲ್ಲದಕ್ಕೂ ಅದೇ. ನಮ್ಮ ಬೇಲಿಗೂ ಇದೆ. ಆದರೆ ನೆಲಕ್ಕೆ ತಾಗುವ ನೈಲಾನ್ ಬಲೆಯಲ್ಲಿ ಹಾವು ಸಿಕ್ಕಿಹಾಕಿಕೊಳ್ಳುತ್ತದೆ. ಹಿಂದೊಮ್ಮೆ ಕೇರೆ ಹಾವೊಂದು ನಮ್ಮ ಬೇಲಿಯ ಬಲೆಯಲ್ಲಿ ಸಿಕ್ಕಿ, ಬಿಡಿಸುವಾಗ ಅದರ ಅವಸ್ಥೆ ನೋಡಲಾಗಲಿಲ್ಲ. ಮಕ್ಕಳು ಕೂರುವ ಜಾಗದಲ್ಲಿ ಸಿಕ್ಕಿಬಿದ್ದ ಹಾವು ಬೇಡವೇ ಬೇಡ. ನಾರಿನ ಹಗ್ಗ ಒರಟು, ಬಳ್ಳಿಗೂ ಹಿಡಿತ ಚೆನ್ನಾಗಿ ಸಿಗುತ್ತದೆ. ಹಳೆಯದಾದರೆ ಗೊಬ್ಬರವಾಗುತ್ತದೆ.

ಮಣ್ಣಿನ ಕೆಲಸ ಅಮ್ಮನದ್ದು. ಸುಡುಮಣ್ಣು ಮಾಡದೆ ಅವರು ಒಂದು ಬೀಜವನ್ನೂ ಮಣ್ಣಿಗೆ ಹಾಕುವವರಲ್ಲ. ತರಗೆಲೆ, ಸಣ್ಣ ಕಡ್ಡಿ, ಮೇಲೆ ಹುಲ್ಲುಬೇರು ಸಮೇತ ಕೆತ್ತಿದ ಮಣ್ಣು, ಮತ್ತೆ ತರಗೆಲೆ, ಮತ್ತೆ ಮಣ್ಣು. ಹೀಗೆ ಗುಡ್ಡೆ ಮಾಡಿ ಬೆಂಕಿ ಕೊಟ್ಟರೆ ಉರಿಯುವುದಿಲ್ಲ, ಹೊಗೆಯಾಡುತ್ತಾ ಒಳಗೊಳಗೇ ಬೇಯುತ್ತದೆ. ಆರಿದ ಮೇಲೆ ಮಣ್ಣು ಹುಡಿಹುಡಿ. ಕಳೆಯ ಬೀಜ ಸತ್ತಿರುತ್ತದೆ, ಬೂದಿ ಸೇರಿರುತ್ತದೆ. ಕದ್ರಿಯ ಮಕ್ಕಳಿಗೆ ಮಣ್ಣನ್ನು ಸುಡುವುದೆಂದರೆ ದೊಡ್ಡ ಆಶ್ಚರ್ಯ. ಫ್ಲ್ಯಾಟಿಗೆ ಫೋನು ಮಾಡಿ ಹೇಳಿದರು. ಗುಂಡಿಯ ಅಡಿಗೆ ತೆಂಗಿನ ಸಿಪ್ಪೆ, ಮೇಲೆ ಸುಡುಮಣ್ಣು, ಹಟ್ಟಿಗೊಬ್ಬರ. ಸಿಪ್ಪೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಮಳೆ ಬಿಡುವು ಕೊಟ್ಟಾಗ ಅದು ಬೇಕು. ಒಂದೊಂದು ಕೋಲಿನ ಬುಡಕ್ಕೂ ಒಂದು ಸಣ್ಣ ದಿಣ್ಣೆ. ತಗ್ಗಿನಲ್ಲಿ ನೆಟ್ಟರೆ ಜೂನಿನಲ್ಲಿ ಬೇರು ಕೊಳೆಯುತ್ತದೆ. ವರ್ಷಕ್ಕೆ 4,000 ಮಿಲಿಮೀಟರಿಗೂ ಜಾಸ್ತಿ ಮಳೆ ಬರುವ ಜಿಲ್ಲೆ ಇದು. ಅದರಲ್ಲೂ ಹೆಚ್ಚಿನದ್ದು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ.

ಯಾವ ಬಳ್ಳಿ ಯಾರಿಗೆ? ಇದಕ್ಕೆ ಜಗಳ ಆಯಿತು. ಬಾಗಿಲಿನ ಎರಡು ಕೋಲಿಗೆ ಶಂಖಪುಷ್ಪ ಎಂದು ಎಲ್ಲರೂ ಒಪ್ಪಿದರು. ಉಳಿದ ಆರರಲ್ಲಿ ಐದು ಮಕ್ಕಳಿಗೆ, ಒಂದು ಅಮ್ಮನಿಗೆ. ಮಗಳಿಗೆ ಪಡುವಲ, ಪಕ್ಕದ ಮನೆಯವನಿಗೆ ಹೀರೆ, ಕದ್ರಿಯ ದೊಡ್ಡವನಿಗೆ ಅಲಸಂಡೆ, ಅವನ ತಂಗಿಗೆ ಮುಳ್ಳುಸೌತೆ. ಹಾಗಲ ಯಾರಿಗೂ ಬೇಡ. ಕೊನೆಗೆ ಅದು ಎರಡನೇ ಕ್ಲಾಸಿನವನ ಪಾಲಿಗೆ ಬಂತು, ಅತ್ತುಕೊಂಡೇ ತೆಗೆದುಕೊಂಡ. ಅಮ್ಮ ಬೀಜವನ್ನೇ ಮುಟ್ಟಲಿಲ್ಲ. ತೊಂಡೆಯ ಒಂದು ಗೇಣು ದಂಟು ಚುಚ್ಚಿ ಕೈ ತೊಳೆದುಕೊಂಡರು.

ಮಕ್ಕಳ ಮನೆಗೆ ಯಾವ ಬಳ್ಳಿ ಆಗದು ಎನ್ನುವುದೂ ಅಷ್ಟೇ ಮುಖ್ಯ. ಮಳೆ ಬಂದೊಡನೆ ನಮ್ಮ ಗುಡ್ಡದಲ್ಲಿ ಅಗ್ನಿಶಿಖೆ ಏಳುತ್ತದೆ. ಕೆಂಪು ಹಳದಿ ಹೂವು, ನೋಡಲು ಅದಕ್ಕಿಂತ ಚಂದದ್ದು ಇಲ್ಲ. ಮಗಳಿಗೆ ಅದೇ ಬೇಕಿತ್ತು. ಅದರ ಗೆಡ್ಡೆ ವಿಷ, ಉಳಿದ ಭಾಗವೂ ವಿಷವೇ. ಗುಲಗಂಜಿಯ ಕೆಂಪು ಬೀಜ ಕೂಡ ಹಾಗೇ, ಅಗಿದು ನುಂಗಿದರೆ ಜೀವಕ್ಕೇ ಅಪಾಯ. ನಸುಗುನ್ನಿ ಬೇಡ, ಅದರ ಕಾಯಿಯ ರೋಮ ತಾಗಿದರೆ ರಾತ್ರಿಯಿಡೀ ತುರಿಕೆ. ಬೇಗ ಬೇರು ಬಿಡುತ್ತದೆಂದು ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಕೊಂಬೆ ನೆಡಿ ಎಂದವರೂ ಇದ್ದರು. ಬೇಲಿಗೆ ಒಳ್ಳೆಯದೇ. ಆದರೆ ಅದರ ಬೀಜ, ತೊಗಟೆಯನ್ನು ಇಲಿ ಕೊಲ್ಲಲು ಬಳಸುತ್ತಾರೆ. ಬಾಯಿಗೆ ಕಡ್ಡಿ ಹಾಕುವ ವಯಸ್ಸಿನವರ ಮನೆಗೆ ಬೇಡ. ಶಂಖಪುಷ್ಪದ ಬೀಜವನ್ನೂ ತಿನ್ನಬಾರದು ಎಂದು ಹೇಳಿಟ್ಟಿದ್ದೆವು. ತಿನ್ನುವ ಆಸೆಯಾದರೆ ಮುಳ್ಳುಸೌತೆ ಇದೆಯಲ್ಲ.

ಹಾಗಲ, ಪಡುವಲದ ಬೀಜಕ್ಕೆ ಸಿಪ್ಪೆ ಗಟ್ಟಿ. ಒಂದು ದಿನ ನೀರಿನಲ್ಲಿ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಕಂಡ ಮೇಲೆ ಹಾಕಿದೆವು. ಮೇ ಕೊನೆಯ ಗುಡುಗು ಮಳೆ ಬಂದು ಮಣ್ಣು ತಂಪಾಗಿತ್ತು. ಅಲಸಂಡೆ ಎಲ್ಲರಿಗಿಂತ ಮೊದಲು ತಲೆ ಎತ್ತಿತು. ಆಗಲೇ ಶಾಲೆ ಶುರು. ಕದ್ರಿಯವರು ಬ್ಯಾಗು ಕಟ್ಟಿದರು. ಹೊರಡುವಾಗ ದೊಡ್ಡವನು ಅಲಸಂಡೆಯನ್ನು ಮಗಳಿಗೆ ವಹಿಸಿ, ದಿನಾ ಫೋಟೋ ಕಳಿಸಬೇಕು ಎಂದು ಮಾತು ತೆಗೆದುಕೊಂಡ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಮಳೆಯ ಜೊತೆ ಬಸವನಹುಳ. ನಮ್ಮ ಕಾಲದ ಸಣ್ಣ ಬಸವನಹುಳ ಅಲ್ಲ, ಮುಷ್ಟಿ ಗಾತ್ರದ ಆಫ್ರಿಕದ ಜಾತಿ. ರಾತ್ರಿ ಬಂದು ಸೌತೆಯ ಎರಡೆಲೆಯ ಸಸಿಯನ್ನು ಬುಡದಿಂದ ಸವರಿಬಿಟ್ಟಿತು. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಮನುಷ್ಯರ ಮೆದುಳಿಗೆ ತೊಂದರೆ ಮಾಡುವ ಒಂದು ಹುಳು ಅದರ ಮೈಯಲ್ಲಿ ಇರಬಹುದು. ರಾತ್ರಿ ಊಟದ ನಂತರ ಟಾರ್ಚು, ಇಕ್ಕುಳ, ಉಪ್ಪುನೀರಿನ ಬಕೆಟು ಹಿಡಿದು ಮಕ್ಕಳು ಬೇಟೆಗೆ ಹೊರಟರು. ಹೋಂವರ್ಕಿಗೆ ಕೂರಿಸಲು ಎಷ್ಟು ಕಷ್ಟವೋ ಇದಕ್ಕೆ ಅಷ್ಟೇ ಸುಲಭ. ಹಗಲಿಗೆ ನವಿಲಿನ ಕಾಟ. ಒಂದೆರಡು ಸಸಿ ಕುಕ್ಕಿ ಹೋಯಿತು. ಮತ್ತೆ ಬೀಜ ಹಾಕಿ, ಸುತ್ತ ಮುಳ್ಳಿನ ಕೊಂಬೆ ಇಟ್ಟೆವು.

ಬಳ್ಳಿ ಹತ್ತುವುದನ್ನು ದಿನವೂ ನೋಡುವ ಭಾಗ್ಯ ದೊಡ್ಡವರಾದ ನಮಗೆ ಇರುವುದಿಲ್ಲ. ಮಕ್ಕಳಿಗೆ ಇತ್ತು. ಆ ವರ್ಷ ಮಳೆ ರಜೆಯೂ ಸಿಕ್ಕಿತು. ಬೆಳಿಗ್ಗೆ ಆರಕ್ಕೇ ಎದ್ದು ಡಿಸಿ ರಜೆ ಕೊಟ್ಟರಾ ಎಂದು ಕೇಳುವುದು, ಕೊಟ್ಟರೆ ಮಳೆಕೋಟು ಹಾಕಿ ಸೀದಾ ಬಳ್ಳಿ ಬುಡಕ್ಕೆ. ಮಗಳು ಕಂಡುಹಿಡಿದದ್ದು ಇದು: ಅಲಸಂಡೆಗೆ ಕೈ ಇಲ್ಲ, ಮೈಯನ್ನೇ ಕೋಲಿಗೆ ಸುತ್ತುತ್ತದೆ. ಹೀರೆ, ಪಡುವಲ, ಹಾಗಲಕ್ಕೆ ಕುಡಿಬಳ್ಳಿಯ ಕೈ ಇದೆ. ಅಲಸಂಡೆಯನ್ನು ಬಿಡಿಸಿ ಉಲ್ಟಾ ಸುತ್ತಿ ನೋಡಿದಳು. ಮರುದಿನಕ್ಕೆ ತುದಿ ಬಿಡಿಸಿಕೊಂಡು ಮತ್ತೆ ತನ್ನ ದಿಕ್ಕಿಗೇ ಹೊರಟಿತ್ತು. ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕು. ಹೀರೆಯ ಕೈ ಹಗ್ಗ ಹಿಡಿದ ಮೇಲೆ ಬಾಲ್ ಪೆನ್ನಿನ ಸ್ಪ್ರಿಂಗಿನ ಹಾಗೆ ಸುರುಳಿಯಾಗುತ್ತದೆ. ಆ ಸುರುಳಿ ಅರ್ಧದ ತನಕ ಒಂದು ಕಡೆ, ನಡುವೆ ಒಂದು ಸಣ್ಣ ನೇರ ತುಂಡು, ಆಮೇಲೆ ಇನ್ನೊಂದು ಕಡೆ. ಎರಡೂ ತುದಿ ಕಟ್ಟಿಹೋದ ಮೇಲೆ ಒಂದೇ ಕಡೆಗೆ ತಿರುಚಲು ಸಾಧ್ಯವಿಲ್ಲ, ಅದಕ್ಕೆ. ಒಂದು ಹಗ್ಗದ ಎರಡು ತುದಿ ಇಬ್ಬರು ಹಿಡಿದು ನೋಡಿದರೆ ಗೊತ್ತಾಗುತ್ತದೆ. ಡಾರ್ವಿನ್ 1865ರಲ್ಲಿ ಬಳ್ಳಿಗಳ ಬಗ್ಗೆ ಬರೆಯುವಾಗ ಇದನ್ನೂ ನೋಡಿದ್ದ. ಗಾಳಿಗೆ ಹಗ್ಗ ಜಗ್ಗಿದರೂ ಬಳ್ಳಿ ಹರಿಯದಿರುವುದು ಈ ಸುರುಳಿಯಿಂದಲೇ.

ಆದರೆ ಒಂದು ತಕರಾರು ಇತ್ತು. ಬಳ್ಳಿಗಳೆಲ್ಲ ಮೇಲೆ ಹೋಗಿ ತುದಿಯಲ್ಲಿ ಗುಂಪು ಕಟ್ಟಿದವು. ಛಾವಣಿ ದಟ್ಟ, ಗೋಡೆ ಬೋಳು. ಕೆಳಗಿನ ಎರಡಡಿಯಲ್ಲಿ ಒಳಗಿದ್ದವರ ಕಾಲು ಕಾಣುತ್ತದೆ. ಅಡಗಿಕೊಳ್ಳಲು ಆಗದ ಮನೆ ಮನೆಯೇ ಅಲ್ಲ ಎಂದು ಪಕ್ಕದ ಮನೆಯವನ ತೀರ್ಪು. ತುದಿಯ ಕುಡಿ ಚಿವುಟಿದರೆ ಬದಿಯಿಂದ ಕವಲು ಒಡೆಯುತ್ತದೆ ಎಂದು ಅಮ್ಮ ಹೇಳಿದರು. ಯಾರೂ ಚಿವುಟಲು ತಯಾರಿಲ್ಲ. ತಾವೇ ನೀರು ಹಾಕಿ, ಹುಳ ಹಿಡಿದು ಬೆಳೆಸಿದ್ದರ ತಲೆ ಕತ್ತರಿಸುವುದೇ? ನಾನು ಹೋಗಿ ಚಿವುಟಿಬಿಡಬಹುದಿತ್ತು, ಎರಡು ನಿಮಿಷದ ಕೆಲಸ. ಕೈ ಕಟ್ಟಿ ನಿಂತೆ. ವಾರಕ್ಕಿಂತ ಜಾಸ್ತಿ ಚರ್ಚೆ ನಡೆದು, ಕೊನೆಗೆ ಹಾಗಲದವನು ಮೊದಲು ಚಿವುಟಿದ. ಹಾಗಲದ ಮೇಲೆ ಅವನಿಗೆ ಮೊದಲೇ ಪ್ರೀತಿ ಇರಲಿಲ್ಲ. ಅದು ಎಲ್ಲಕ್ಕಿಂತ ಚೆನ್ನಾಗಿ ಕವಲೊಡೆಯಿತು. ಉಳಿದವರು ಅದನ್ನು ನೋಡಿ ಕತ್ತರಿ ಹುಡುಕಿದರು.

ಕೆಳಗಿನ ಬೋಳು ಭಾಗಕ್ಕೆ ದಾಸವಾಳ ಹಾಕಿದೆವು. ವಿಲ್ಲೋ ಕೋಲಿನ ಆಸೆ ತೀರಿದ್ದು ಇಲ್ಲಿ. ಬೆರಳು ದಪ್ಪದ, ಒಂದೂವರೆ ಅಡಿಯ ದಾಸವಾಳದ ಕೋಲು ಮಳೆಗಾಲದಲ್ಲಿ ಚುಚ್ಚಿದರೆ ಸಾಕು, ಹೆಚ್ಚಿನವು ಬದುಕುತ್ತವೆ. ಒಂದು ಎಡಕ್ಕೆ ವಾಲಿಸಿ, ಇನ್ನೊಂದು ಬಲಕ್ಕೆ ವಾಲಿಸಿ, ಕತ್ತರಿಯ ಆಕಾರಕ್ಕೆ ನೆಟ್ಟು, ಸೇರುವಲ್ಲಿ ಬಾಳೆನಾರಿನಿಂದ ಕಟ್ಟಿದೆವು. ಊರ ಕೆಂಪು ದಾಸವಾಳ, ಒಂಟಿ ಎಸಳಿನದ್ದು. ಹೂವು ದೇವರಿಗೆ, ಎಲೆ ಅರೆದರೆ ತಲೆಸ್ನಾನಕ್ಕೆ ತಾಳಿ, ಅಂದರೆ ಕೂದಲಿಗೆ ಹಚ್ಚುವ ಲೋಳೆ. ಮಕ್ಕಳು ಮುರಿದರೂ ಮತ್ತೆ ಚಿಗುರುತ್ತದೆ. ಬಿಳಿ ಹಿಟ್ಟಿನ ತಿಗಣೆ ಬರುವುದೊಂದೇ ಅದರ ರಗಳೆ, ಸಾಬೂನು ನೀರು ಎರಚಿದರೆ ಸ್ವಲ್ಪ ಹತೋಟಿಗೆ ಬರುತ್ತದೆ.

ಎಲೆಯ ಛಾವಣಿ ಮಳೆ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊರಗೆ ಮಳೆ ನಿಂತ ಮೇಲೂ ಅರ್ಧ ಗಂಟೆ ಒಳಗೆ ಸುರಿಯುತ್ತದೆ. ಜೂನ್, ಜುಲೈಯಲ್ಲಿ ಅದು ಆಡುವ ಮನೆ ಅಲ್ಲ, ನೋಡುವ ಮನೆ. ನೆಲ ಕೆಸರಾಗದಿರಲು ಆರಿಂಚು ಜಲ್ಲಿಹುಡಿ, ಮೇಲೆ ಮರಳು ಹಾಕಿ ಎತ್ತರಿಸಿದ್ದೆವು. ಕೂರಲು ನಾಲ್ಕು ಕೆಂಪು ಕಲ್ಲಿನ ತುಂಡು, ಅದರ ಮೇಲೆ ಅಡಿಕೆ ಹಾಳೆ. ಮಳೆಗೆ ನೆಂದರೆ ಹಾಳೆ ಬಿಸಾಡಿ ಬೇರೆ ತಂದರಾಯಿತು. ಆಟಿಯ (ಜುಲೈ-ಆಗಸ್ಟಿನ ತುಳು ತಿಂಗಳು) ಒಂದು ರಾತ್ರಿ ಗಾಳಿ ಬೀಸಿದ ಪೆಟ್ಟಿಗೆ ಪಡುವಣ ಬದಿಯ ಎರಡು ಕೋಲು ವಾಲಿತು. ಎತ್ತಿ ನಿಲ್ಲಿಸಲು ಹೋದರೆ ಮಕ್ಕಳು ಬಿಡಲಿಲ್ಲ. ವಾಲಿದ್ದರಿಂದ ಒಳಗೆ ಒಂದು ಮೂಲೆ ಆಗಿದೆ, ಅದು ಬೇಕು. ಎದುರು ದಿಕ್ಕಿಗೆ ಗೂಟ ಹೊಡೆದು ಹಗ್ಗ ಕಟ್ಟಿ ಸುಮ್ಮನಾದೆ.

ಹಾವಿನ ಭಯ ನಮ್ಮೆಲ್ಲರಿಗೂ ಇತ್ತು. ಒಳಗೆ ಹೋಗುವ ಮೊದಲು ಕೋಲಿನಿಂದ ನೆಲ ತಟ್ಟಬೇಕು, ತಲೆ ಎತ್ತಿ ಬಳ್ಳಿ ನೋಡಬೇಕು, ಕತ್ತಲಾದ ಮೇಲೆ ಒಳಗೆ ಇಲ್ಲ. ಒಳಗೆ ತಿಂಡಿ ಇಲ್ಲ, ತಿಂಡಿ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಹಿಂಬದಿಯಲ್ಲಿ ತೆವಳಿ ಹೊರಬರುವಷ್ಟು ಇನ್ನೊಂದು ದಾರಿ ಇಟ್ಟಿದ್ದೆವು. ಒಮ್ಮೆ ಹಸಿರು ಹಾವೊಂದು ಶಂಖಪುಷ್ಪದ ನಡುವೆ ಬಳ್ಳಿಯೇ ಆಗಿ ನಿಂತಿತ್ತು. ಕಂಡದ್ದು ಮಗನಿಗೆ. ಯಾರೂ ಕಿರುಚಲಿಲ್ಲ, ದೂರ ಕೂತು ನೋಡಿದರು, ಸಂಜೆಗೆ ಅದು ಹೋಯಿತು. ಅಲಸಂಡೆಯ ಕುಡಿಗೆ ಹೇನು ಬಂದಾಗ, ಅದರ ಹಿಂದೆಯೇ ಬಂದ ಕೆಂಪಿರುವೆ ಮಾತ್ರ ಎಲ್ಲರಿಗೂ ಕಚ್ಚಿ ಬುದ್ಧಿ ಕಲಿಸಿತು. ಅಮ್ಮನ ಔಷಧಿ ಒಲೆಯ ಬೂದಿ.

ಹೂವಿನ ಕಾಲ ಬಂದಾಗ ಮನೆಯೊಳಗೆ ಗಡಿಯಾರ ಬೇಕಾಗಲಿಲ್ಲ. ಹಾಗಲದ ಹೂ ಬೆಳಿಗ್ಗೆ ಅರಳುತ್ತದೆ. ಹೀರೆಯ ಹಳದಿ ಹೂ ಸಂಜೆ ಶಾಲೆಯಿಂದ ಬಂದು ಚಾ ಕುಡಿಯುವ ಹೊತ್ತಿಗೆ ಶುರುಮಾಡುತ್ತದೆ. ಪಡುವಲಕ್ಕೆ ಕತ್ತಲೆಯೇ ಬೇಕು. ಅಂಚೆಲ್ಲ ದಾರ ದಾರವಾದ ಬಿಳಿ ಹೂ ಅದು, ಪತಂಗ ಬರುವುದು ರಾತ್ರಿ. ಅದನ್ನು ನೋಡಲೆಂದು ಕತ್ತಲ ನಿಯಮಕ್ಕೆ ಒಂದು ರಿಯಾಯಿತಿ ಕೊಟ್ಟು, ಟಾರ್ಚು ಹಿಡಿದು ಹೊರಗೇ ನಿಂತೆವು. ಮೊದಲು ಬಂದ ಹೂಗಳೆಲ್ಲ ಕಾಯಿ ಬಿಡದೆ ಉದುರಿದಾಗ ಹೀರೆಯವನಿಗೆ ಗಾಬರಿ. ಮೊದಲು ಬರುವುದು ಗಂಡು ಹೂ. ಹೆಣ್ಣು ಹೂವಿನ ಹಿಂದೆ ಸಣ್ಣ ಕಾಯಿ ಮೊದಲೇ ಇರುತ್ತದೆ. ಮಳೆ ಬಿಡದೆ ಸುರಿದು ಹುಳಹಪ್ಪಟೆ ಹಾರದ ದಿನಗಳಲ್ಲಿ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ತಾಗಿಸುವುದನ್ನು ಅಮ್ಮ ಕಲಿಸಿದರು. ಆ ಕೆಲಸಕ್ಕೆ ಹೀರೆಯವನು ದಿನಾ ಸಂಜೆ ಕೊಡೆ ಹಿಡಿದು ಬರುತ್ತಿದ್ದ.

ಕಾಯಿ ಒಳಮುಖಕ್ಕೆ ನೇತಾಡತೊಡಗಿದ ಮೇಲೆಯೇ ಅದು ಮನೆಯಾದದ್ದು. ಪಡುವಲಕಾಯಿ ಸೊಟ್ಟ ಆಗದಿರಲು ತುದಿಗೆ ಕಲ್ಲು ಕಟ್ಟುವುದು ರೂಢಿ. ಮಗಳು ಕಟ್ಟಿದಳು, ಒಂದಕ್ಕೆ ಬೇಕೆಂದೇ ಕಟ್ಟಲಿಲ್ಲ, ಅದು ಸುರುಳಿಯಾಗಿ ಬೆಳೆದು ಮನೆಯ ಲಾಟೀನು ಆಯಿತು. ಹಾಗಲಕ್ಕೆ ನೊಣ ಚುಚ್ಚಿ ಕೊಳೆಯುತ್ತಿತ್ತು. ಹಳೆಯ ವಾಯಿಲ್ ಸೀರೆಯ ತುಂಡಿನಿಂದ ಚೀಲ ಹೊಲಿದು ಎಳೆಗಾಯಿಗೆ ತೊಡಿಸಿದೆವು. ಆಗಸ್ಟಿನಲ್ಲಿ ಕದ್ರಿಯವರು ಅಷ್ಟಮಿಗೆಂದು ಬಂದರು. ಉಡುಪಿ ರಥಬೀದಿಯ ವಿಟ್ಲಪಿಂಡಿ (ಮೊಸರು ಕುಡಿಕೆ), ಹುಲಿವೇಷ ಎಲ್ಲ ನೋಡಿ ಸುಸ್ತಾಗಿ ಬಂದರೂ ಮೊದಲು ಓಡಿದ್ದು ಬಳ್ಳಿಮನೆಗೆ. ಫೋಟೋದಲ್ಲಿ ಕಂಡದ್ದಕ್ಕಿಂತ ಚಿಕ್ಕದು ಎಂದು ತಂಗಿ, ಇಲ್ಲ ದೊಡ್ಡದು ಎಂದು ಅಣ್ಣ. ಅಲಸಂಡೆ ತನ್ನ ಕೋಲು ಬಿಟ್ಟು ಮೂರು ಕೋಲು ದಾಟಿತ್ತು. ಗಡಿ ಜಗಳ ಶುರುವಾಯಿತು.

ಪಕ್ಕದ ಮನೆಯವರದ್ದು ಮೊಂತಿ ಹಬ್ಬ, ಕರಾವಳಿಯ ಕ್ರೈಸ್ತರ ತೆನೆ ಹಬ್ಬ, ಸೆಪ್ಟೆಂಬರ್ 8. ಹೊಸ ಅಕ್ಕಿಯ ಊಟ, ತರಕಾರಿಯ ಪದಾರ್ಥ ಮಾತ್ರ, ಅದೂ ಬೆಸ ಸಂಖ್ಯೆಯಲ್ಲಿ. ಆ ಬಾರಿ ಅವರ ಬಾಳೆಲೆಗೆ ಹೋದ ಹೀರೆ ಅವರ ಮಗನದ್ದೇ. ಅವನೇ ಬುಟ್ಟಿಯಲ್ಲಿ ಹಾಕಿಕೊಂಡು ಹೋದ. ನಮ್ಮಲ್ಲಿ ಚೌತಿಗೆ ಅಲಸಂಡೆ ಉಪ್ಪುಕರಿ, ಹೀರೆಕಾಯಿ ಪೋಡಿ. ಹಾಗಲಕಾಯಿ ಗೊಜ್ಜನ್ನು ಮಗ ತಿಂದ. ಮುಖ ಕಿವುಚಿಕೊಂಡೇ ತಿಂದ, ಎರಡನೇ ಸಲವೂ ಹಾಕಿಸಿಕೊಂಡ.

ಅಕ್ಟೋಬರಿಗೆ ಮಳೆಗಾಲದ ಬಳ್ಳಿಗಳ ಆಯಸ್ಸು ಮುಗಿಯಿತು. ಒಣಗಿದ ಹೀರೆಯಿಂದ ಬೀಜ ತೆಗೆದು, ಉಳಿದ ನಾರನ್ನು ಮೈ ಉಜ್ಜಲು 10 ರೂಪಾಯಿಗೆ ಒಂದರಂತೆ ನಮಗೇ ಮಾರಿದರು. ಆಗ ಎದ್ದು ಬಂದದ್ದು ಅಮ್ಮನ ತೊಂಡೆ. ಅಲ್ಲಿಯ ತನಕ ಒಂದು ಮೂಲೆಯಲ್ಲಿ ಇದ್ದೂ ಇಲ್ಲದ ಹಾಗಿತ್ತು. ಜಾಗ ಖಾಲಿಯಾದೊಡನೆ ಇಡೀ ಗೂಡನ್ನು ಆವರಿಸಿಕೊಂಡಿತು. ಅದು ವರ್ಷಾನುಗಟ್ಟಲೆ ಬದುಕುವ ಬಳ್ಳಿ. ಕೆಳಗೆ ಬಸಳೆಯ ದಂಟು ಊರಿದೆವು. ಜಡಿಮಳೆಗೆ ಕೊಳೆಯುವ ಬಸಳೆ ಬಿಸಿಲಿಗೆ ನೀರು ಸಿಕ್ಕಿದರೆ ಕೊಬ್ಬುತ್ತದೆ. ಪಾತ್ರೆ ತೊಳೆದ ನೀರು ಅತ್ತ ತಿರುಗಿಸಿದೆವು. ಡಿಸೆಂಬರಿನಿಂದ ಮೇ ತನಕ ಒಳಗೆ ನಿಜವಾದ ನೆರಳು, ಒಣ ನೆಲ. ಆಟ ನಡೆದದ್ದು ಈ ತಿಂಗಳುಗಳಲ್ಲಿ. ಅಂಗಡಿ, ಆಸ್ಪತ್ರೆ, ಯಕ್ಷಗಾನದ ಚೌಕಿ, ಒಮ್ಮೆ ಪೊಲೀಸ್ ಸ್ಟೇಷನ್. ನಾನು ಅಲ್ಲಿ ಆರೋಪಿ. ಬಸಳೆ ಪುಂಡಿಗೆ ಸೊಪ್ಪು ಬೇಕಾದರೆ ಅಮ್ಮ ಬಾಗಿಲ ಹೊರಗೆ ನಿಂತು ಕೇಳಬೇಕು. ಕೆಲವೊಮ್ಮೆ ಸಿಗುವುದಿಲ್ಲ.

ಈ ವರ್ಷ ಬಿದಿರಿನ ಬುಡ ಅಲುಗಾಡುತ್ತಿದೆ. ದಾಸವಾಳ ನನ್ನ ಭುಜದ ಎತ್ತರ ಬಂದಿದೆ. ಅದರ ಎಳೆಯ ಕೊಂಬೆಗಳನ್ನು ಹಗ್ಗದ ನಡುವೆ ಹೆಣೆಯುತ್ತಾ ಹೋದರೆ ಗೋಡೆಯ ಭಾರವನ್ನು ಅದು ಹೊರಬಹುದು. ತೊಂಡೆಯ ಛಾವಣಿಯ ಭಾರಕ್ಕೆ ಸಾಲದು, ಅದಕ್ಕೆ ಅಡಿಕೆ ಮರದ ಸಲಾಕೆ ಹಾಕುವುದೆಂದು ತೀರ್ಮಾನ. ಮೂರಡಿಯ ಬಾಗಿಲು ಏಳನೇ ಕ್ಲಾಸಿನ ಮಗಳಿಗೆ ಈಗ ಗಿಡ್ಡ. ಎತ್ತರಿಸಬೇಕೆಂದು ಅವಳು, ಎತ್ತರಿಸಿದರೆ ದೊಡ್ಡವರು ಒಳಗೆ ಬರುತ್ತಾರೆಂದು ಸಣ್ಣವರು. ಪಕ್ಕದ ಮನೆಯವನು ಬಾಗಿಲಿನಿಂದ ಹಲಸಿನ ಮರದ ದಿಕ್ಕಿಗೆ ಒಂದು ಪಡುವಲದ ಸುರಂಗದ ನಕ್ಷೆ ಬರೆದಿದ್ದಾನೆ. ಮರ ತಲುಪುವ ಮೊದಲೇ ಅದನ್ನು ತಿರುಗಿಸಬೇಕು ಎಂದು ಹೇಳಿ, ಸಲಾಕೆಯ ರೇಟು ಕೇಳಲು ತೋಟದವರಿಗೆ ಫೋನು ಮಾಡಿದ್ದೇನೆ.